ಗ್ರಂಥಾಲಯ ಕರ ಕಟ್ಟಿದ್ದೇವೆ, ಕನ್ನಡದ ಪುಸ್ತಕ ಎಲ್ಲಿ?

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಕಡೆಯಿಂದ ಬಂದು ಮೈಸೂರು, ಬೆಂಗಳೂರಿನಲ್ಲಿ ನೆಲೆಸಿರುವ ಯುವಜನರ ಮುಂದೆ ಆಡಿದ ಮಾತು)



ಬೋರ್ಡಿಗೆ ಮಸಿ ಬಳಿಯುವ ವಿಷಯ ಮಾತಾಡುತ್ತೇನೆ ಅಂದಿದ್ದರೆ ಈ ಸಭೆಗೆ ಇನ್ನೂ ನಾಲ್ಕು ಜನ ಜಾಸ್ತಿ ಬರುತ್ತಿದ್ದರು. ಗ್ರಂಥಾಲಯ ಅಂದ ಕೂಡಲೇ ಕೆಲವರಿಗೆ ಆಕಳಿಕೆ ಬರುತ್ತದೆ. ಬರಲಿ. ಆಕಳಿಸಿ ಮುಗಿಸಿ, ಆಮೇಲೆ ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಿ. ಊರಿನಲ್ಲಿ ನಿಮ್ಮ ಅಪ್ಪ ಮನೆ ಕಂದಾಯ ಕಟ್ಟಿದ ರಸೀದಿಯನ್ನು ಎಂದಾದರೂ ಕಣ್ಣಿಟ್ಟು ಓದಿದ್ದೀರಾ? ಅದರಲ್ಲಿ ಮನೆ ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಗ್ರಂಥಾಲಯ ಕರ, ಶೇಕಡಾ 6. ಸಾವಿರ ರೂಪಾಯಿ ತೆರಿಗೆ ಕಟ್ಟಿದರೆ ಅದರ ಮೇಲೆ ಅರವತ್ತು ರೂಪಾಯಿ ಪುಸ್ತಕದ ಲೆಕ್ಕಕ್ಕೆ. ಹೆಬ್ಬೆಟ್ಟು ಒತ್ತುವ ಅಜ್ಜಿಯೂ ಕಟ್ಟುತ್ತಾಳೆ. ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕಿ ಕೈ ಸುಟ್ಟುಕೊಂಡ ರೈತನೂ ಕಟ್ಟುತ್ತಾನೆ.

ಆದ್ದರಿಂದ ಮೊದಲು ತಲೆಯಿಂದ ಒಂದು ಮಾತು ತೆಗೆದುಹಾಕಿ. ಸರ್ಕಾರಿ ಗ್ರಂಥಾಲಯ ಸರ್ಕಾರ ಕೊಟ್ಟ ಭಿಕ್ಷೆ ಅಲ್ಲ. ನಾವು ದುಡ್ಡು ಕೊಟ್ಟು ಇಟ್ಟುಕೊಂಡ ಆಸ್ತಿ. ದುಡ್ಡು ಕೊಟ್ಟವನು ಅಂಗಡಿಯಲ್ಲಿ ಸಾಮಾನು ಕೇಳುವುದಕ್ಕೆ ನಾಚುತ್ತಾನೆಯೆ? ಹಾಗಾದರೆ ಇಲ್ಲಿ ಏಕೆ ನಾಚಿಕೆ?

ಕಾನೂನು ಹೊಸದೇನಲ್ಲ. ಮದರಾಸು ಪ್ರಾಂತ್ಯ 1948ರಲ್ಲೇ ಗ್ರಂಥಾಲಯ ಕಾಯ್ದೆ ಮಾಡಿಕೊಂಡಿತು. ಅದರ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಪುಸ್ತಕ ಇರುವುದು ಬೀಗ ಹಾಕಿ ಕಾಯುವುದಕ್ಕಲ್ಲ, ಬಳಸುವುದಕ್ಕೆ ಎಂದು 1931ರಲ್ಲೇ ಹೇಳಿದ ಮಹಾನುಭಾವ. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ನಮ್ಮ ರಾಜ್ಯದ ಕಾಯ್ದೆ ಬಂದದ್ದು 1965ರಲ್ಲಿ. ಮಾರನೆಯ ವರ್ಷ ಜಾರಿಯಾಗಿ, ಇಲಾಖೆಯೂ ಹುಟ್ಟಿತು. ಅಲ್ಲಿಂದ ಲೆಕ್ಕ ಹಾಕಿ, ಅರವತ್ತು ವರ್ಷ. ಒಂದು ತಲೆಮಾರು ಕರ ಕಟ್ಟಿ ಸತ್ತಿದೆ, ಎರಡನೆಯದು ಕಟ್ಟುತ್ತಿದೆ, ಮೂರನೆಯದಾದ ನೀವು ರಸೀದಿಯನ್ನೇ ನೋಡಿಲ್ಲ!

2019ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವುಗಳ ಬಾಗಿಲ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರು ಕಾಣುತ್ತದೆ. ಪೇಟೆಯ ಶಾಖಾ ಗ್ರಂಥಾಲಯ ಮಾತ್ರ ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೇ ಉಳಿಯಿತು. ಹೀಗಾಗಿ ಹುಣಸೂರು ಪೇಟೆಯಲ್ಲಿ ಪುಸ್ತಕ ಬೇಕೆಂದರೆ ಒಂದು ಇಲಾಖೆಯನ್ನು ಕೇಳಬೇಕು, ಪಕ್ಕದ ಹಳ್ಳಿಯಲ್ಲಿ ಬೇಕೆಂದರೆ ಇನ್ನೊಂದನ್ನು. ಇದು ನಿಮಗೆ ಗೊತ್ತಿರಬೇಕು. ಇಲ್ಲದಿದ್ದರೆ ಅರ್ಜಿ ಹಿಡಿದು ಹೋದಾಗ “ನಮಗೆ ಬರಲ್ಲ, ಅಲ್ಲಿಗೆ ಹೋಗಿ” ಅಂತ ಚೆಂಡಾಟ ಆಡಿಸುತ್ತಾರೆ.

ಸರಿ, ಇದಕ್ಕೂ ಕನ್ನಡ ಚಳವಳಿಗೂ ಏನು ಸಂಬಂಧ? ಹೇಳುತ್ತೇನೆ.

ಕೆಲಸದ ಪರೀಕ್ಷೆ ಕನ್ನಡದಲ್ಲಿ ಆಗಬೇಕು ಅಂತ ವರ್ಷಗಟ್ಟಲೆ ಕೂಗಿದೆವು. ಸ್ವಲ್ಪ ದಕ್ಕಿತು. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ ಕನ್ನಡ ಬಂತು. 2021ರಲ್ಲಿ ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಒಪ್ಪಿದರು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಲ್ಲಿ ಮೊದಲ ಸಲ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಿತು. ಇವೆಲ್ಲ ಪುಕ್ಕಟೆ ಬಂದದ್ದಲ್ಲ, ಬೀದಿಗಿಳಿದು ಕೇಳಿದ್ದಕ್ಕೆ ಬಂದದ್ದು.

ಆದರೆ ಕನ್ನಡದಲ್ಲಿ ಬರೆಯುವ ಹಕ್ಕು ಬಂದರೆ ಸಾಕೆ? ಕನ್ನಡದಲ್ಲಿ ಓದಿ ತಯಾರಾಗುವ ಪುಸ್ತಕ ಬೇಡವೆ? ಸರಗೂರಿನ ಕಡೆಯ ಹುಡುಗಿಯೊಬ್ಬಳು ಬ್ಯಾಂಕ್ ಪರೀಕ್ಷೆ ಕಟ್ಟುತ್ತಾಳೆ ಅಂದುಕೊಳ್ಳಿ. ಮೈಸೂರಿನ ಕೋಚಿಂಗ್ ಫೀಸು ಅವರಪ್ಪನ ಕೈಲಾಗದು. ಅವಳಿಗೆ ಉಳಿದಿರುವುದು ಊರ ಗ್ರಂಥಾಲಯದ ಒಂದು ಬೆಂಚು. ಆ ಕಪಾಟಿನಲ್ಲಿ ಲೆಕ್ಕ, ತರ್ಕ, ಸಾಮಾನ್ಯ ಜ್ಞಾನದ ಹೊಸ ಪುಸ್ತಕ ಕನ್ನಡದಲ್ಲಿ ಇದ್ದರೆ ಅವಳು ಗೆಲ್ಲುತ್ತಾಳೆ. ಇಲ್ಲದಿದ್ದರೆ ನಾವು ಗೆದ್ದು ತಂದ ಹಕ್ಕು ಗೆಜೆಟ್ಟಿನ ಹಾಳೆಯಲ್ಲೇ ಒಣಗುತ್ತದೆ. ಆಗ ದಿಲ್ಲಿಯವರು ಏನೆನ್ನುತ್ತಾರೆ ಗೊತ್ತೆ? “ನೋಡಿ, ಕನ್ನಡದಲ್ಲಿ ಬರೆಯುವವರೇ ಇಲ್ಲ, ಸುಮ್ಮನೆ ಗಲಾಟೆ ಮಾಡಿದಿರಿ” ಅನ್ನುತ್ತಾರೆ. ಆ ಮಾತು ಬರುವ ಮೊದಲು ಎಚ್ಚರವಾಗಿ.

ದಿಲ್ಲಿ ಹಾಗಿರಲಿ, ನಮ್ಮ ಮನೆಯ ಕಥೆ ನೋಡಿ. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ತರ್ಜುಮೆಯ ಕಗ್ಗೊಲೆಯಾಗಿದ್ದವು. ಅಭ್ಯರ್ಥಿಗಳು ರೊಚ್ಚಿಗೆದ್ದ ಮೇಲೆ ಡಿಸೆಂಬರ್ 29ರಂದು ಮರುಪರೀಕ್ಷೆ ಆಯಿತು. ಅದರಲ್ಲೂ ತಪ್ಪುಗಳೆಂದು ಮತ್ತೆ ಕೂಗೆದ್ದಿತು. ವಿಜ್ಞಾನ, ಕಾನೂನು, ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಓದುವ ಜನ ಕಡಿಮೆಯಾದಾಗ, ಅವನ್ನು ಕನ್ನಡದಲ್ಲಿ ಬರೆಯಬಲ್ಲವರೂ ಕಡಿಮೆಯಾಗುತ್ತಾರೆ. ಓದುವ ಕೋಣೆ ಬಡವಾದರೆ ಪ್ರಶ್ನೆಪತ್ರಿಕೆಯೂ ಬಡವಾಗುತ್ತದೆ.

ಈಗ ನಮ್ಮ ನಾಲ್ಕು ಊರಿಗೆ ಬರೋಣ.

ಹುಣಸೂರು ಅಂದರೆ ಕಲ್ಲಹಳ್ಳಿಯ ಡಿ. ದೇವರಾಜ ಅರಸು. 1973ರ ನವೆಂಬರ್ 1ರಂದು ಈ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಮುಖ್ಯಮಂತ್ರಿ ಅವರೇ. ಅದೇ ಕಲ್ಲಹಳ್ಳಿ ಚದುರಂಗರ ಊರು. ಅವರ ‘ವೈಶಾಖ’ಕ್ಕೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನೂ ಹಿಂದೆ ಹೋದರೆ, 16ನೇ ಶತಮಾನದ ಆರಂಭದಲ್ಲಿ ಅಡುಗೆಯ ಮೇಲೆ ‘ಸೂಪಶಾಸ್ತ್ರ’ ಎಂಬ ಕಾವ್ಯವನ್ನೇ ಬರೆದ ಮೂರನೆಯ ಮಂಗರಸನೂ ಕಲ್ಲಹಳ್ಳಿಯವನೇ. ಒಂದು ಹಳ್ಳಿಗೆ ಇಷ್ಟು! ಹುಣಸೂರಿನ ಗ್ರಂಥಾಲಯಕ್ಕೆ ಹೋಗಿ ‘ನಮ್ಮೂರ ಬರಹಗಾರರು’ ಎಂಬ ಒಂದು ಕಪಾಟು ಇದೆಯೇ ಕೇಳಿ. ಇದ್ದರೆ ಕೈ ಮುಗಿಯಿರಿ. ಇಲ್ಲದಿದ್ದರೆ ನೀವೇ ಮುಂದೆ ನಿಂತು ಮಾಡಿಸಿ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿನ ನಿರಾಶ್ರಿತರು ಬಂದು ಅರವತ್ತು ವರ್ಷ ದಾಟಿತು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದಾರೆ. ಅವರಿಗೆ ಕನ್ನಡ ಓದು ಬರಹ ಕಲಿಯಲು ನಾವು ಯಾವ ಬಾಗಿಲು ತೆರೆದಿದ್ದೇವೆ? ಕನ್ನಡ ಕಲಿಯಿರಿ ಅಂತ ಗದರುವುದು ಸುಲಭ. ವಾರಕ್ಕೆ ಎರಡು ಸಂಜೆ ಗ್ರಂಥಾಲಯದಲ್ಲಿ ಕೂತು ಕಲಿಸುವುದು ಕಷ್ಟ. ಆ ಕಷ್ಟದ ಕೆಲಸಕ್ಕೇ ಕನ್ನಡದ ಕೆಲಸ ಅನ್ನುವುದು.

ಕೆ.ಆರ್. ನಗರ ಭತ್ತದ ಸೀಮೆ. ಕಾವೇರಿಯ ಪ್ರವಾಹಕ್ಕೆ ಎಡತೊರೆ ಸಿಕ್ಕ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಲ್ಲಿ ಎದ್ದ ಊರು. ಆ ಸೀಮೆಯ ಚುಂಚನಕಟ್ಟೆ ಜಾತ್ರೆಗೆ ದನ ಕಟ್ಟಿಕೊಂಡು ಎಷ್ಟು ಊರಿನ ರೈತರು ಬರುತ್ತಾರೆ! ಬತ್ತಾಸು ಅಂಗಡಿ ಬರುತ್ತದೆ, ಹಗ್ಗದ ಅಂಗಡಿ ಬರುತ್ತದೆ. ಗ್ರಂಥಾಲಯದ ಒಂದು ಮೇಜು ಮಾತ್ರ ಏಕೆ ಬರಬಾರದು? ದನದ ರೋಗ, ಭತ್ತದ ತಳಿ, ಬೆಳೆ ವಿಮೆಯ ಬಗ್ಗೆ ಕನ್ನಡದ ಕಿರುಹೊತ್ತಗೆ ಇಟ್ಟುಕೊಂಡು, ಅಲ್ಲೇ ಓದಿ ಹೇಳುವ ಒಬ್ಬ ಹುಡುಗನನ್ನು ಕೂರಿಸಿದರೆ ಸಾಕು.

ಎಚ್.ಡಿ. ಕೋಟೆಯ ಮಾತು ಬೇರೆ. ಕಬಿನಿ ಅಣೆಕಟ್ಟೆಗೆ ಊರು ಬಿಟ್ಟವರು, ನಾಗರಹೊಳೆ ಕಾಡಿನಿಂದ ಹೊರಬಿದ್ದವರು ಇರುವ ತಾಲ್ಲೂಕು ಅದು. ಹಾಡಿಯ ಜೇನುಕುರುಬರ, ಬೆಟ್ಟಕುರುಬರ, ಯರವರ ಮಕ್ಕಳು ಮನೆಯಲ್ಲಿ ತಮ್ಮದೇ ನುಡಿ ಆಡುತ್ತಾರೆ. ಹಿಂದಿಯವರು ನಮ್ಮ ಮೇಲೆ ಸವಾರಿ ಮಾಡುತ್ತಾರೆ ಅಂತ ಕೂಗುವ ನಾವು ಆ ಮಕ್ಕಳ ನುಡಿಯ ಮೇಲೆ ಸವಾರಿ ಮಾಡಬಾರದು. ಹಾಡಿಯ ಅಜ್ಜ ಅಜ್ಜಿಯರನ್ನು ಗ್ರಂಥಾಲಯಕ್ಕೆ ಕರೆಸಿ ಕಥೆ ಹೇಳಿಸಿ. ಅವರ ನುಡಿಯಲ್ಲೇ ಹೇಳಲಿ, ಅದನ್ನು ಕನ್ನಡ ಲಿಪಿಯಲ್ಲಿ ಬರೆದಿಡೋಣ. ತನ್ನ ಅಜ್ಜಿಯ ಕಥೆ ಪುಸ್ತಕವಾಗಿರುವ ಜಾಗಕ್ಕೆ ಮಗು ತಾನಾಗಿ ಬರುತ್ತದೆ. ಬಂದ ಮೇಲೆ ಕನ್ನಡದ ಪುಸ್ತಕವನ್ನೂ ಮುಟ್ಟುತ್ತದೆ.

ಅದೇ ಕೋಟೆಯಿಂದ ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಕೇರಳ. 1945ರಲ್ಲಿ ತಿರುವಾಂಕೂರಿನಲ್ಲಿ ಪಿ.ಎನ್. ಪಣಿಕ್ಕರ್ 47 ಗ್ರಾಮೀಣ ಗ್ರಂಥಾಲಯಗಳನ್ನು ಕೂಡಿಸಿ ಒಂದು ಗ್ರಂಥಶಾಲಾ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನ. ಅಲ್ಲಿನ ಹಳ್ಳಿ ಗ್ರಂಥಾಲಯದಲ್ಲಿ ಪುಸ್ತಕ ಮಾತ್ರವಲ್ಲ, ನಾಟಕ, ಚರ್ಚೆ, ಸಭೆ ಎಲ್ಲ ನಡೆಯುತ್ತವೆ. ಮಲಯಾಳಿಗಳ ಭಾಷಾಭಿಮಾನ ನೋಡಿ ಹೊಟ್ಟೆಕಿಚ್ಚು ಪಡುತ್ತೇವಲ್ಲ, ಅದು ಆಕಾಶದಿಂದ ಉದುರಿದ್ದಲ್ಲ. ಅಂಥ ಕೋಣೆಗಳಲ್ಲಿ ಬೆಳೆದದ್ದು.

ನಮಗೂ ಪರಂಪರೆ ಇಲ್ಲವೆ? ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮೈಸೂರಿನಿಂದ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗಾಗಿಯೇ ‘ಬೆಳಕು’ ಎಂಬ ಪತ್ರಿಕೆ ನಡೆಸಿತು. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಸಂಬಳವನ್ನೆಲ್ಲ ಸುರಿದು ‘ಪುಸ್ತಕ ಮನೆ’ ಕಟ್ಟಿದರು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡುವ ಸೈಯದ್ ಇಸಾಕ್, ತಮಗೆ ಸಿಗದ ಓದು ಬೇರೆಯವರಿಗಾದರೂ ಸಿಗಲಿ ಅಂತ ಕನ್ನಡದ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಬೆಂಕಿಗೆ ಬಿತ್ತು. ಸುಮಾರು 11 ಸಾವಿರ ಪುಸ್ತಕ ಬೂದಿ. ನಾಡಿನ ಮೂಲೆ ಮೂಲೆಯಿಂದ ಜನ ದುಡ್ಡು ಕಳಿಸಿದರು, ಪುಸ್ತಕ ಕಳಿಸಿದರು. ಕನ್ನಡಿಗ ಯಾರು ಅಂತ ಜಾತಿ ಧರ್ಮ ಹಿಡಿದು ಅಳೆಯುವವರು ಒಮ್ಮೆ ಆ ಮನುಷ್ಯನನ್ನು ನೆನೆಯಲಿ.

ಆದರೆ ಒಂದು ಮಾತು. ಇಸಾಕ್ ಸಾಹೇಬರಂಥವರು ಕೂಲಿಯ ದುಡ್ಡಿನಲ್ಲಿ ಗ್ರಂಥಾಲಯ ನಡೆಸಬೇಕಾಗಿ ಬಂದದ್ದು ಅವರ ದೊಡ್ಡತನ, ನಮ್ಮ ನಾಚಿಕೆಗೇಡು. ಕರ ವಸೂಲಿ ಮಾಡುವ ವ್ಯವಸ್ಥೆ ನೆಟ್ಟಗಿದ್ದರೆ ಅವರು ಬರೀ ಓದುಗರಾಗಿ ಹಾಯಾಗಿರುತ್ತಿದ್ದರು. ನಗರ ಪಾಲಿಕೆಗಳು ಗ್ರಂಥಾಲಯ ಕರ ವಸೂಲಿ ಮಾಡಿ ಇಲಾಖೆಗೆ ಕಟ್ಟದೆ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಇತ್ತ ಇಲಾಖೆ ಒಂದು ಕನ್ನಡ ಪುಸ್ತಕದ 300 ಪ್ರತಿ ಕೊಳ್ಳುವ ಸಗಟು ಖರೀದಿಯನ್ನು ನೆಚ್ಚಿಕೊಂಡೇ ಎಷ್ಟೋ ಪ್ರಕಾಶಕರು ಉಸಿರಾಡುತ್ತಾರೆ. ಕರ ನಿಂತರೆ ಖರೀದಿ ನಿಲ್ಲುತ್ತದೆ. ಖರೀದಿ ನಿಂತರೆ ಹೊಸ ಲೇಖಕ ಹುಟ್ಟುವುದಿಲ್ಲ. ಕೊಂಡಿ ಹೀಗೆ ಕೂಡಿಕೊಂಡಿದೆ.

ಇನ್ನು ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ನವೆಂಬರ್ ಬಂದರೆ ಬಾವುಟ, ಆರ್ಕೆಸ್ಟ್ರಾ, ಆಳೆತ್ತರದ ಹಾರ. ಅದೇ ನವೆಂಬರ್ 14ರಿಂದ 20ರವರೆಗೆ ದೇಶಕ್ಕೆಲ್ಲ ಗ್ರಂಥಾಲಯ ಸಪ್ತಾಹ. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಗಿ ಹಳ್ಳಿ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆ ಆಯಿತು. ನಮ್ಮಲ್ಲಿ ಎಷ್ಟು ಸಂಘಗಳು ಆ ವಾರ ಒಂದು ಗ್ರಂಥಾಲಯದ ಮೆಟ್ಟಿಲು ಹತ್ತಿವೆ? ಒಂದು ರಾತ್ರಿಯ ಮೈಕಿನ ಬಾಡಿಗೆಯಲ್ಲಿ ಒಂದು ಕಪಾಟು ಪುಸ್ತಕ ಬರುತ್ತದೆ. ಮೈಕು ಬೆಳಗಾಗುವಷ್ಟರಲ್ಲಿ ಗಂಟಲು ಕಟ್ಟಿಕೊಳ್ಳುತ್ತದೆ, ಪುಸ್ತಕ ಕಟ್ಟಿಕೊಳ್ಳುವುದಿಲ್ಲ.

ಆದ್ದರಿಂದ ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಈ ಐದು ಕೆಲಸ ಮಾಡಿ.

ಒಂದು, ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ತಂಗಿ ತಮ್ಮಂದಿರನ್ನೂ ಮಾಡಿಸಿ. ಓದುಗರ ಪಟ್ಟಿ ಖಾಲಿ ಇದ್ದರೆ ಮೇಲಿನವರಿಗೆ ನೆಪ ಸಿಗುತ್ತದೆ.

ಎರಡು, ಅಲ್ಲಿ ಕೂತಿರುವ ಮೇಲ್ವಿಚಾರಕರ ಮೇಲೆ ರೇಗಬೇಡಿ. ಪುಸ್ತಕ ಬರದಿರುವುದು ಅವರ ತಪ್ಪಲ್ಲ. ಯಾವ ಪುಸ್ತಕ ಬೇಕೆಂದು ಅವರ ಜೊತೆ ಕೂತು ಪಟ್ಟಿ ಮಾಡಿ. ಪರೀಕ್ಷೆಯ ಪುಸ್ತಕ ಮೇಲಿರಲಿ, ಹೊಸದಾಗಿರಲಿ.

ಮೂರು, ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ಬರೆಸಿ. ಪೇಟೆಯಾದರೆ ವಾರ್ಡಿನ ಸದಸ್ಯರ ಮೂಲಕ ಕೇಳಿ. ಬಾಯಿಮಾತಿಗೆ ಬೆಲೆಯಿಲ್ಲ, ಬರಹಕ್ಕಿದೆ.

ನಾಲ್ಕು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಿ: ನಮ್ಮ ಊರಿನಲ್ಲಿ ಕಳೆದ ಮೂರು ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು, ಗ್ರಂಥಾಲಯಕ್ಕೆ ಹೋದದ್ದೆಷ್ಟು? ಅರ್ಜಿ ಕನ್ನಡದಲ್ಲೇ ಇರಲಿ, ಉತ್ತರವೂ ಕನ್ನಡದಲ್ಲೇ ಬರಲಿ.

ಐದು, ತಿಂಗಳಿಗೆ ಒಂದು ಭಾನುವಾರ ಅಲ್ಲಿ ಏನಾದರೂ ನಡೆಸಿ. ಬ್ಯಾಂಕ್ ಫಾರಂ ತುಂಬುವುದು, ಪಹಣಿ ಓದುವುದು, ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು, ಓದಲು ಬಾರದವರಿಗೆ ಪತ್ರಿಕೆ ಓದಿ ಹೇಳುವುದು, ಮಕ್ಕಳಿಗೆ ಕಥೆ. ನೀವು ಪೇಟೆಯಲ್ಲಿ ಕಲಿತದ್ದರಲ್ಲಿ ಒಂದು ಪಾಲು ಅಲ್ಲಿಗೆ ಸಲ್ಲಲಿ.

ಇದಕ್ಕೆ ಲಾಠಿ ಏಟು ಬೀಳುವುದಿಲ್ಲ, ಪತ್ರಿಕೆಯಲ್ಲಿ ಫೋಟೋ ಬರುವುದಿಲ್ಲ, ಜೈಕಾರವೂ ಇಲ್ಲ. ಅದಕ್ಕೇ ಇದು ಯಾರಿಗೂ ಬೇಡವಾಗಿದೆ. ಕನ್ನಡ ಬಾಯಲ್ಲಿದ್ದರೆ ಸಾಲದು, ಕಪಾಟಿನಲ್ಲೂ ಇರಬೇಕು. ಕಪಾಟಿನಲ್ಲಿದ್ದರೂ ಸಾಲದು, ಪರೀಕ್ಷೆ ಬರೆಯುವ ಹುಡುಗಿಯ ಕೈಗೆ ಬರಬೇಕು. ಅವಳು ಗೆದ್ದ ದಿನ ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಮಾತಾಡುವವರೊಬ್ಬರು ಕೂರುತ್ತಾರೆ. ಆಗ “ಕನ್ನಡ ಗೊತ್ತಿಲ್ಲ” ಅನ್ನುವವರ ಜೊತೆ ಜಗಳವಾಡುವ ಕೆಲಸ ನಿಮಗೆ ಒಂದಿಷ್ಟು ಕಡಿಮೆಯಾಗುತ್ತದೆ.

ಕರ ಕಟ್ಟಿದ್ದೀರಿ. ಹೋಗಿ, ಕೇಳಿ. ಸಿರಿಗನ್ನಡಂ ಗೆಲ್ಗೆ!