ಒಂದು ಕಿವಿ ಸಾಕೇ?
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕೂಸಿಗೆ ಹುಟ್ಟಿನಿಂದಲೇ ಒಂದು ಕಿವಿ ಕೇಳದೆಂದು ತಿಳಿದಾಗ ನಮ್ಮ ಮನೆಗಳಲ್ಲಿ ಬರುವ ಮಾತು ಒಂದೇ: "ಇನ್ನೊಂದು ಕೇಳುತ್ತದಲ್ಲ, ಸಾಕು ಬಿಡಿ." ಈ 'ಸಾಕು' ಎಂಬುದನ್ನು ಕುರಿತೇ ತಮ್ಮ ಮುಂದೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಅಂಥ ಮಗು ಮಾತು ಕಲಿಯುತ್ತದೆ, ಕರೆದರೆ ಓಗೊಡುತ್ತದೆ. ಆದುದರಿಂದಲೇ ಕೊರತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಶಬ್ದ ಯಾವ ದಿಕ್ಕಿನಿಂದ ಬಂತೆಂಬುದನ್ನು ಮೆದುಳು ಎರಡು ಕಿವಿಗಳನ್ನು ತಾಳೆ ನೋಡಿಯೇ ತಿಳಿಯಬೇಕು. ಒಂದೇ ಕಿವಿಯ ಹುಡುಗನಿಗೆ ಬಸ್ಸಿನ ಹಾರನ್ ಕೇಳುತ್ತದೆ. ಬಸ್ಸು ಎತ್ತ ಕಡೆಯಿದೆಯೆಂಬುದು ತಿಳಿಯದು. ಗದ್ದಲದ ತರಗತಿಯಲ್ಲಿ ಗುರುಗಳ ಮಾತು ಅರ್ಧ ಕೇಳಿ ಅರ್ಧ ಜಾರುತ್ತದೆ. ಅಮೆರಿಕದ ಫ್ರೆಡ್ ಬೆಸ್ ಮತ್ತು ಆನ್ ಮೇರಿ ಥಾರ್ಪ್ ಎಂಬ ವಿದ್ವಾಂಸರು ಇಂಥ 60 ಮಕ್ಕಳನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಒಂದು ತರಗತಿಯಲ್ಲಾದರೂ ನಪಾಸಾಗಿದ್ದರು. ದಡ್ಡನೆಂದು ಬೈಯುವ ಮೊದಲು ಮಗುವಿಗೆ ಕೇಳಿಸಿತೇ ಎಂದು ನೋಡುವುದು ನ್ಯಾಯ.

ಇಂಥವರಿಗೂ ಈಗ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಒದಗಿದೆ. ಇದು ಶಬ್ದವನ್ನು ದೊಡ್ಡದು ಮಾಡುವ ಯಂತ್ರವಲ್ಲ. ಹೊರಗೆ ತೊಡುವ ಭಾಗ ಶಬ್ದವನ್ನು ಹಿಡಿದು, ಶಸ್ತ್ರಕ್ರಿಯೆಯಿಂದ ಚರ್ಮದಡಿ ಇಟ್ಟ ಭಾಗಕ್ಕೆ ಕಳಿಸುತ್ತದೆ. ಅಲ್ಲಿಂದ ಒಳಗಿವಿಗೆ ಹೋದ ಸಣ್ಣ ತಂತಿಗಳು ವಿದ್ಯುತ್ತಿನಿಂದ ಶ್ರವಣ ನರವನ್ನು ಎಚ್ಚರಿಸುತ್ತವೆ. ಮೊದಲು ಇದು ಎರಡೂ ಕಿವಿ ಕೇಳದವರಿಗೆ ಮೀಸಲಾಗಿತ್ತು. ಅಮೆರಿಕದ ಎಫ್.ಡಿ.ಎ. ಸಂಸ್ಥೆ 2019ರಲ್ಲಿ, ಒಂದೇ ಕಿವಿ ಕೇಳದ 5 ವರ್ಷ ತುಂಬಿದವರಿಗೂ ಒಪ್ಪಿಗೆಯಿತ್ತಿತು.

ಆದರೆ ಬಂಧುಗಳೇ, ಸಾಲಕ್ಕೆ ಕೈಚಾಚುವ ಮೊದಲು ಮೂರು ಸಂಗತಿ ತಿಳಿದಿರಲಿ.

ಮೊದಲನೆಯದು ನರ. ಹುಟ್ಟಿನಿಂದ ಒಂದು ಕಿವಿ ಕೇಳದ ಮಕ್ಕಳಲ್ಲಿ ಅನೇಕರಿಗೆ ಆ ಕಡೆಯ ಶ್ರವಣ ನರವೇ ಇರುವುದಿಲ್ಲ, ಇಲ್ಲವೇ ಬಹಳ ತೆಳ್ಳಗಿರುತ್ತದೆ. ತಂತಿಯಿಲ್ಲದ ಮನೆಗೆ ದೀಪ ತಂದರೇನು ಫಲ? ಆದಕಾರಣ ಎಂ.ಆರ್.ಐ. ಪರೀಕ್ಷೆ ಮೊದಲಾಗಲಿ.

ಎರಡನೆಯದು ಕಾಲ. ಬಹುಕಾಲ ಶಬ್ದ ಕಾಣದ ಕಿವಿಯನ್ನು ಮೆದುಳು ಕೈಬಿಡುತ್ತದೆ. ಒಳ್ಳೆಯ ಕಿವಿಗೇ ಒಗ್ಗಿಹೋಗುತ್ತದೆ. ತಡವಾದಷ್ಟೂ ಫಲ ಕಡಿಮೆ. ಸಾಧನ ಇಟ್ಟ ಮೇಲೂ ದಿನವೂ ತೊಡಬೇಕು, ಅಭ್ಯಾಸ ಮಾಡಿಸಬೇಕು. ಇನ್ನೊಂದು ಕಿವಿ ಚೆನ್ನಾಗಿರುವ ಮಗು ಬೇಸತ್ತು ಕಿತ್ತಿಡುವುದೂ ಉಂಟು.

ಮೂರನೆಯದು ಹಣ. ವೆಚ್ಚ ಲಕ್ಷಗಟ್ಟಲೆ. ಕೇಂದ್ರ ಸರಕಾರದ ಎಡಿಪ್ ಯೋಜನೆ ಬಡ ಮಕ್ಕಳಿಗೆ ಈ ಸಾಧನವನ್ನು ಕೊಡುತ್ತದೆ. ಆದರೆ ಅದು ಎರಡೂ ಕಿವಿ ಕೇಳದವರಿಗಾಗಿ ಇರುವ ನೆರವು. ದುಡಿಯುವವನ ಮಗುವಿನ ಒಂದು ಕಿವಿಯನ್ನೂ ಲೆಕ್ಕಕ್ಕೆ ಹಿಡಿಯಿರೆಂದು ನಮ್ಮಂಥ ಸಂಘಗಳು ಕೇಳಬೇಕು.

ಇಂಪ್ಲಾಂಟ್ ಆಗದವರೂ ಧೈರ್ಯಗೆಡಬೇಕಾಗಿಲ್ಲ. ಒಳ್ಳೆಯ ಕಿವಿ ಗುರುಗಳ ಕಡೆಗಿರುವಂತೆ ಮುಂದಿನ ಬೆಂಚಿನಲ್ಲಿ ಕೂಡಿಸಲು ಕಾಸು ಬೇಕಿಲ್ಲ. ಗುರುಗಳು ಮೈಕು ಧರಿಸಿ, ಅವರ ಮಾತು ನೇರವಾಗಿ ಮಗುವಿನ ಕಿವಿ ಸೇರುವಂಥ ಉಪಕರಣಗಳೂ ಇವೆ. ಒಳ್ಳೆಯ ಕಿವಿಯಲ್ಲಿ ಸೋರಿಕೆ, ನೋವು ಕಂಡರೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ, ಅದೊಂದೇ ಆಸ್ತಿ.

ಹೆರಿಗೆಯಾದ ಆಸ್ಪತ್ರೆಯಲ್ಲೇ ಎರಡೂ ಕಿವಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿರೆಂದು ಕೇಳಿರಿ. ಸಂಶಯವಿದ್ದರೆ ನಮ್ಮ ಬಾಂದ್ರಾದಲ್ಲಿಯೇ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಊರ ಕಡೆಯವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಒಂದು ದಿನದ ರಜೆ ಹೋದರೆ ಹೋಗಲಿ, ಮಗುವಿನ ಕಾಲ ಹೋಗದಿರಲಿ.