ಬಿದ್ದವರಿಗೆ ಆಳಿಗೊಂದು ಕಲ್ಲು

(ಕೂಟದ ದೀಪಾವಳಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ದೀಪಾವಳಿಯ ಸಭೆಯಲ್ಲಿ ಬೆಟ್ಟದ ಮಾತೇಕೆ ಎಂದು ತಾವು ಕೇಳಬಹುದು. ಸಾಹಿತ್ಯ, ಸಂಗೀತ, ಮಕ್ಕಳ ಕನ್ನಡ ಕಲಿಕೆ ಮುಂತಾದ ವಿಷಯಗಳನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಸಿದ್ಧತೆಯಿಲ್ಲದೆ ಬೆಟ್ಟ ಹತ್ತಿ, ದಾರಿ ತಪ್ಪಿ, ಪರರ ನೆರವಿನಿಂದ ಬದುಕಿ ಬಂದವರನ್ನು ಸಮಾಜ ಹೇಗೆ ಕಾಣುತ್ತದೆ, ಹೇಗೆ ಕಾಣಬೇಕು ಎಂಬುದು ನಾವು ಇಂದು ಆರಿಸಿಕೊಂಡಿರುವ ವಿಷಯ. ಎಲೆಗಳು ಕೆಂಪೇರುವ ಕಾಲದಲ್ಲಿ ನ್ಯೂ ಹ್ಯಾಂಪ್‌ಷೈರಿನ ವೈಟ್ ಮೌಂಟನ್ಸ್ ಕಡೆಗೆ ಕಾರು ತಿರುಗಿಸದ ಮನೆ ನ್ಯೂ ಇಂಗ್ಲೆಂಡಿನ ಕನ್ನಡಿಗರಲ್ಲಿ ವಿರಳ. ಆದ್ದರಿಂದ ಇದು ಯಾರದೋ ಕಥೆಯಲ್ಲ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಸಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ನಡುವಿನ ಒಂದು ಶನಿವಾರ, ನಾವು ಮೂರು ಮನೆಯವರು ಅಲ್ಲಿನ ಒಂದು ಸಾಧಾರಣ ಬೆಟ್ಟಕ್ಕೆ ಹೊರಟೆವು. ಜೊತೆಯಲ್ಲಿ ಐವರು ಮಕ್ಕಳು, ಊರಿನಿಂದ ಬಂದಿದ್ದ ನಮ್ಮ ಮಾವನವರು. ಬುತ್ತಿಗೆ ಕೊರತೆಯಿರಲಿಲ್ಲ, ಚಿತ್ರಾನ್ನ, ಮೊಸರನ್ನ, ಚಕ್ಕುಲಿ ಎಲ್ಲವೂ ಇದ್ದವು. ಇಲ್ಲದಿದ್ದುದು ಟಾರ್ಚು, ನಕಾಶೆ, ಬೆಚ್ಚನೆಯ ಅಂಗಿ. ತಿಂಡಿ ಮುಗಿಸಿ ಹತ್ತಲು ಆರಂಭಿಸಿದಾಗಲೇ ಮಧ್ಯಾಹ್ನ ಒಂದು ಗಂಟೆ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸುಮಾರು ಆರು ಗಂಟೆಗೆ ಎಂಬುದನ್ನು ನಮ್ಮಲ್ಲಿ ಒಬ್ಬರೂ ನೋಡಿಕೊಂಡಿರಲಿಲ್ಲ. ಇಳಿಯುವಾಗ ಕತ್ತಲಾಯಿತು. ಉದುರಿದ ಎಲೆಗಳಡಿಯಲ್ಲಿ ದಾರಿ ಮುಚ್ಚಿಹೋಯಿತು. ಫೋಟೋ ತೆಗೆದು ತೆಗೆದು ಫೋನುಗಳು ಬರಿದಾಗಿದ್ದವು. ಉಳಿದಿದ್ದ ಒಂದರಿಂದ 911ಕ್ಕೆ ಕರೆ ಮಾಡಿದೆವು. ರಾತ್ರಿ ಹತ್ತರ ಸುಮಾರಿಗೆ ಹಣೆಗೆ ದೀಪ ಕಟ್ಟಿಕೊಂಡು ಇಬ್ಬರು ಸ್ವಯಂಸೇವಕರು ಬಂದರು. ಬಂದವರು ಗದರಲಿಲ್ಲ. ಮಾವನವರ ಕೈ ಮುಟ್ಟಿ ನೋಡಿ, ತಮ್ಮ ಕೋಟನ್ನೇ ಅವರಿಗೆ ಹೊದಿಸಿ, ಮಕ್ಕಳಿಗೆ ಬಿಸಿ ಪಾನೀಯ ಕೊಟ್ಟು, ನಿಧಾನವಾಗಿ ಕೆಳಗಿಳಿಸಿದರು.

ಗದರುವ ಕೆಲಸವನ್ನು ಉಳಿದವರು ಮಾಡಿದರು. ಕಚೇರಿಯಲ್ಲಿ ನಕ್ಕರು. "ಬೆಟ್ಟದ ಗಂಧವೇ ಗೊತ್ತಿಲ್ಲದವರು ಇಲ್ಲಿಗೇಕೆ ಬರಬೇಕು?" ಎಂದರು ಕೆಲವರು. ನಮ್ಮ ಜನರೂ ಹಿಂದೆ ಬೀಳಲಿಲ್ಲ. "ಇಷ್ಟು ಓದಿದವರಿಗೆ ಅಷ್ಟೂ ತಿಳಿಯಬೇಡವೇ? ಆ ಹಿರಿಯರಿಗೆ ಏನಾದರೂ ಆಗಿದ್ದರೆ?" ಎಂದು ಮುಂದಿನ ಔತಣದಲ್ಲಿ ನಮ್ಮೆದುರಿಗೇ ಆಡಿದರು. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬ ಗಾದೆಯ ಅರ್ಥ ಅಂದು ನಮಗೆ ಚೆನ್ನಾಗಿ ತಿಳಿಯಿತು. ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಅದಕ್ಕೆ ಮುಂಚೆ ಇಂಥ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನಾವೂ ಹಾಗೆಯೇ ಕಲ್ಲೆಸೆದವರು.

ಈ ಸಿಟ್ಟು ಬರಿಯ ದುಷ್ಟತನವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ನ್ಯಾಯವಾದ ಎರಡು ಕಾರಣಗಳಿವೆ.

ಒಂದು, ಹಣ. ನ್ಯೂ ಹ್ಯಾಂಪ್‌ಷೈರಿನಲ್ಲಿ ಕಾಡುಮೇಡುಗಳಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವ ಹೊಣೆ ರಾಜ್ಯದ ಫಿಶ್ ಅಂಡ್ ಗೇಮ್ ಇಲಾಖೆಯದು. ಆ ಇಲಾಖೆ ಬಹುಕಾಲದಿಂದ ಬದುಕಿರುವುದು ಬೇಟೆಗಾರರು ಮತ್ತು ಮೀನು ಹಿಡಿಯುವವರು ಕೊಡುವ ಪರವಾನಗಿ ಶುಲ್ಕದ ಮೇಲೆ. ದೋಣಿ ಮತ್ತು ಹಿಮವಾಹನಗಳ ನೋಂದಣಿಯಿಂದ ಒಂದೊಂದು ಡಾಲರು ಶೋಧಕಾರ್ಯದ ನಿಧಿಗೆ ಸಲ್ಲುತ್ತಾ ಬಂದಿದೆ. ಬೆಟ್ಟ ಹತ್ತುವವನು ಮಾತ್ರ ಏನನ್ನೂ ಕೊಡಬೇಕಾಗಿರಲಿಲ್ಲ. "ಹಣ ನಮ್ಮದು, ಹುಡುಕಾಟ ಅವರಿಗೋ?" ಎಂಬ ಪ್ರಶ್ನೆ ಎದ್ದುದು ಸಹಜ. 1999ರಲ್ಲಿ, ದುಸ್ಸಾಹಸ ಮಾಡಿ ಸಿಕ್ಕಿಬಿದ್ದವರಿಂದ ವೆಚ್ಚ ವಸೂಲು ಮಾಡುವ ಕಾನೂನು ಬಂದಿತು; 2008ರಲ್ಲಿ ಅದನ್ನು ಬಿಗಿಗೊಳಿಸಿ, ಅಲಕ್ಷ್ಯವಿದ್ದರೂ ಸಾಕು ಎಂದು ಮಾಡಿದರು. 2009ರಲ್ಲಿ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಮೂರು ರಾತ್ರಿ ಕಳೆದು ಬದುಕಿ ಬಂದ ಹದಿನೇಳು ವರ್ಷದ ಹುಡುಗನೊಬ್ಬನಿಗೆ 25,000 ಡಾಲರಿಗೂ ಮಿಕ್ಕಿದ ಬಿಲ್ಲು ಹೋಯಿತು. "ಸರಿಯಾಯಿತು" ಎಂದವರು ಕೆಲವರು, "ಮಗುವಿಗೆ ಇದೆಂಥ ಶಿಕ್ಷೆ" ಎಂದವರು ಕೆಲವರು. 2015ರಲ್ಲಿ ಇಲಾಖೆಯು "ಹೈಕ್ ಸೇಫ್" ಎಂಬ ಚೀಟಿಯನ್ನು ಮಾರಲಾರಂಭಿಸಿತು. ಆಗ ಒಬ್ಬರಿಗೆ ವರ್ಷಕ್ಕೆ 25 ಡಾಲರು, ಕುಟುಂಬಕ್ಕೆ 35. ಚೀಟಿ ಇದ್ದವರ ಅಲಕ್ಷ್ಯವನ್ನು ಕ್ಷಮಿಸುತ್ತಾರೆ; ದುಸ್ಸಾಹಸವನ್ನಲ್ಲ.

ಎರಡನೆಯ ಕಾರಣ ಹಣಕ್ಕಿಂತ ದೊಡ್ಡದು: ಪ್ರಾಣ. ಮೌಂಟ್ ವಾಷಿಂಗ್ಟನ್ನಿನ ಎತ್ತರ 1,917 ಮೀಟರು. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗಿಂತ 13 ಮೀಟರು ಗಿಡ್ಡ. ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೆ ಕಾರಿನಲ್ಲಿ ಹೋಗಿ, ಮೆಟ್ಟಿಲು ಹತ್ತಿ, ಗಾಳಿ ಕುಡಿದು ಬಂದ ನಮಗೆ ಇದೇನು ಮಹಾ ಎನಿಸುತ್ತದೆ. ಇಲ್ಲಿಯೂ ತುದಿಗೆ ಕಾರಿನ ರಸ್ತೆಯಿದೆ, ಹಲ್ಲುಗಾಲಿಯ ರೈಲಿದೆ. ದೂರದ ಬೆಟ್ಟ ನುಣ್ಣಗೆ. ಆದರೆ 1934ರ ಏಪ್ರಿಲ್ 12ರಂದು ಈ ತುದಿಯಲ್ಲಿ ಗಂಟೆಗೆ 231 ಮೈಲಿ ವೇಗದ ಗಾಳಿಯನ್ನು ಅಳೆದಿದ್ದಾರೆ. ಬೇಸಗೆಯಲ್ಲೂ ಚಳಿಗೆ ಸಿಕ್ಕಿ ಇಲ್ಲಿ ಸತ್ತವರಿದ್ದಾರೆ.

1982ರ ಜನವರಿಯಲ್ಲಿ ಇಬ್ಬರು ಯುವಕರು ಈ ಬೆಟ್ಟದಲ್ಲಿ ಹಿಮದ ಬಂಡೆ ಹತ್ತಿ, ಬಿರುಗಾಳಿಯಲ್ಲಿ ದಿಕ್ಕು ತಪ್ಪಿ, ಬೆಟ್ಟದ ಮತ್ತೊಂದು ಮಗ್ಗುಲಿನ ಕಣಿವೆಗೆ ಇಳಿದುಬಿಟ್ಟರು. ಅವರು ಅನನುಭವಿಗಳೇನೂ ಅಲ್ಲ. ಕಿರಿಯನಾದ ಹದಿನೇಳರ ಹ್ಯೂ ಹರ್ ಬಂಡೆ ಹತ್ತುವುದರಲ್ಲಿ ಆಗಲೇ ಹೆಸರು ಮಾಡಿದ್ದವನು. ಅವರನ್ನು ಹುಡುಕಲು ಹೋದವರಲ್ಲಿ ಆಲ್ಬರ್ಟ್ ಡೌ ಎಂಬ ಇಪ್ಪತ್ತೆಂಟು ವರ್ಷದ ಸ್ವಯಂಸೇವಕ ಹಿಮಪಾತಕ್ಕೆ ಸಿಕ್ಕಿ ಅಸುನೀಗಿದ. ಕಳೆದುಹೋದವರು ಮೂರು ರಾತ್ರಿಗಳ ನಂತರ ಜೀವಸಹಿತ ಸಿಕ್ಕರು. ತನಗೆ ಪರಿಚಯವೇ ಇಲ್ಲದ ಇಬ್ಬರಿಗಾಗಿ ಒಬ್ಬ ಒಳ್ಳೆಯ ಮನುಷ್ಯ ಸತ್ತನೆಂಬ ದುಃಖ ಸಿಟ್ಟಾಗಿ ಆ ಹುಡುಗರ ಕಡೆಗೆ ತಿರುಗಿದರೆ ಆಶ್ಚರ್ಯವೇನು?

ಆದರೆ ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿಮದಿಂದ ಕೊಳೆತ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ ಹ್ಯೂ ಹರ್, ತನಗಾಗಿ ತಾನೇ ಕೃತಕ ಕಾಲುಗಳನ್ನು ರೂಪಿಸಿಕೊಂಡು ಮತ್ತೆ ಬಂಡೆ ಹತ್ತಿದರು. ಬಳಿಕ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿ, ಅಂಗಹೀನರಿಗೆ ನೈಜ ಪಾದದಂತೆ ಚಲಿಸುವ ಯಾಂತ್ರಿಕ ಪಾದಗಳನ್ನು ನಿರ್ಮಿಸಿದರು. ತನಗಾಗಿ ಸತ್ತವನ ನೆನಪೇ ತಮ್ಮ ದುಡಿಮೆಯ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದಾರೆ. ಎಲ್ಲರಿಗೂ ಅಂಥ ಪ್ರತಿಭೆ ಇರಬೇಕೆಂದಲ್ಲ. ಉಳಿಸಿದ ಜೀವ ಮುಂದೆ ಏನಾದೀತೆಂದು ಉಳಿಸುವ ಗಳಿಗೆಯಲ್ಲಿ ಯಾರಿಗೂ ತಿಳಿಯದು. ಅದಕ್ಕೇ ರಕ್ಷಕರು ಯೋಗ್ಯತೆಯನ್ನು ತೂಗಿ ನೋಡಿ ಹೊರಡುವುದಿಲ್ಲ.

ಬಂಧುಗಳೇ, ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಈ ಮಾತು ಅಪೂರ್ಣ. ನಮ್ಮ ಅವಾಂತರದ ಮರುವರ್ಷ ನಮ್ಮ ಪರಿಚಯದ ಒಂದು ಕುಟುಂಬ ಬೆಟ್ಟಕ್ಕೆ ಹೋಗಿತ್ತು. ಯಜಮಾನರು ಜಾರಿ ಬಿದ್ದು ಕಾಲಿನ ಮೂಳೆ ಮುರಿಯಿತು. ಫೋನಿತ್ತು, ಸಂಕೇತವೂ ಸಿಗುತ್ತಿತ್ತು. ಆದರೂ ಅವರು ಎರಡು ಗಂಟೆಗಳ ಕಾಲ ಕರೆ ಮಾಡಲಿಲ್ಲ. ಬಿಲ್ಲಿನ ಭಯ ಒಂದು ಕಡೆ. ಇನ್ನೊಂದು ಕಡೆಯ ಕಾರಣವನ್ನು ಅವರ ಮನೆಯಾಕೆ ಆಮೇಲೆ ಸಂಕೋಚದಿಂದ ನಮಗೆ ಹೇಳಿದರು: "ನಿಮ್ಮನ್ನು ಎಲ್ಲರೂ ಎಷ್ಟು ಆಡಿಕೊಂಡರು ಅಂತ ನೆನಪಿತ್ತು. ಆ ನಗು ನಮಗೂ ಬೇಡ ಅಂತ ಇವರು ಕುಂಟಿಕೊಂಡೇ ಇಳೀತೀನಿ ಅಂದರು." ಬೆಳಕಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಕತ್ತಲಿಗೆ, ಮಳೆಗೆ ಬಿದ್ದಿತು. ಅವರಿಗೂ ಅಪಾಯ, ಹೊತ್ತು ತಂದವರಿಗೂ ಅಪಾಯ. ಆ ನಗುವಿನಲ್ಲಿ ನಮ್ಮ ಪಾಲೂ ಇತ್ತು. ನಮ್ಮ ಪ್ರಸಂಗವನ್ನು ನಾವೇ ಎಷ್ಟು ಔತಣಗಳಲ್ಲಿ ಹಾಸ್ಯಮಾಡಿ ಹೇಳಿದ್ದೆವೋ!

ಅಮೆರಿಕದ ಪರ್ವತ ರಕ್ಷಣಾ ತಂಡಗಳ ಒಕ್ಕೂಟ, ರಕ್ಷಣೆಗೆ ಹಣ ಕೇಳಬಾರದೆಂದು ವಾದಿಸುತ್ತಾ ಬಂದಿರುವುದು ಇದೇ ಕಾರಣಕ್ಕೆ. ಭಯ ಕರೆಯನ್ನು ತಡಮಾಡುತ್ತದೆ. ತಡವಾದ ಕರೆ ರಕ್ಷಕನನ್ನು ಕತ್ತಲೆಗೆ ದೂಡುತ್ತದೆ. ಬಿಲ್ಲು ಮಾಡುವ ಕೆಡುಕನ್ನೇ ಅಪಹಾಸ್ಯವೂ ಮಾಡುತ್ತದೆ. ಬಿಲ್ಲಾದರೋ ಬೆರಳೆಣಿಕೆಯ ಮಂದಿಗೆ ಬರುತ್ತದೆ. ಅಪಹಾಸ್ಯ ತಪ್ಪಿದವರೇ ಇಲ್ಲ.

ಹಾಗಾದರೆ ತಪ್ಪನ್ನು ತಪ್ಪೆನ್ನಬಾರದೇ? ಅನ್ನಬೇಕು, ಆದರೆ ಹೊರಡುವ ಮುಂಚೆ. ಮುಂಜಾನೆ ಹೊರಡಿ. ಸೂರ್ಯಾಸ್ತದ ಗಳಿಗೆ ನೋಡಿಕೊಳ್ಳಿ. ಹಣೆದೀಪ, ಕಾಗದದ ನಕಾಶೆ, ಉಣ್ಣೆಯ ಅಂಗಿ, ಮಳೆಯಂಗಿ ಬುತ್ತಿಯ ಜೊತೆಗಿರಲಿ; ಒದ್ದೆಯಾದ ಹತ್ತಿಯ ಬಟ್ಟೆ ಚಳಿಯನ್ನು ತಡೆಯದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಒಬ್ಬರಿಗೆ ತಿಳಿಸಿ. ಅರ್ಧದಾರಿಯಿಂದ ಹಿಂತಿರುಗುವುದು ಅವಮಾನವಲ್ಲ ಎಂದು ಮಕ್ಕಳಿಗೆ ಕಲಿಸಿ. ಇಷ್ಟೆಲ್ಲ ಮಾಡಿಯೂ ಸಿಕ್ಕಿಬಿದ್ದರೆ, ಅಥವಾ ಏನೂ ಮಾಡದೆ ಸಿಕ್ಕಿಬಿದ್ದರೂ, ಕೂಡಲೇ ಕರೆಮಾಡಿ. ಮರಳಿ ಬಂದ ಮೇಲೆ ಆ ತಂಡಕ್ಕೆ ಕೈಲಾದಷ್ಟು ಕಾಣಿಕೆ ಕಳುಹಿಸಿ. ಬೇರೆ ಯಾರಾದರೂ ಹಾಗೆ ಮರಳಿ ಬಂದರೆ, ಮೊದಲು ಊಟಕ್ಕೆ ಕರೆಯಿರಿ. ಬುದ್ಧಿಮಾತು ಆಮೇಲೆ ಇರಲಿ.

ಮಾವನವರು ಊರಿಗೆ ಮರಳುವ ಮುಂಚೆ ಆ ಇಬ್ಬರು ಸ್ವಯಂಸೇವಕರಿಗೆ ಕನ್ನಡದಲ್ಲೇ ಒಂದು ಪತ್ರ ಬರೆದು, ನಮ್ಮಿಂದ ಅನುವಾದ ಮಾಡಿಸಿ ಕಳುಹಿಸಿದರು. ಅವರ ಉತ್ತರ ಎರಡು ಸಾಲಿನದು: ಬೆಟ್ಟಕ್ಕೆ ಮತ್ತೆ ಬನ್ನಿ, ಈ ಸಲ ದೀಪ ತನ್ನಿ ಎಂದು. ಅಂದಿನಿಂದ ಪ್ರತಿ ದೀಪಾವಳಿಗೆ ನಮ್ಮ ಮನೆಯಲ್ಲಿ ಹಣತೆಯ ಪಕ್ಕದಲ್ಲಿ ಒಂದು ಹಣೆದೀಪವನ್ನೂ ಇಡುತ್ತೇವೆ.