ಕಾವಿಲ್ಲದ ಬೆಳಕು

ಭದ್ರಾವತಿಯಲ್ಲಿ 1923ರಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿ, ಕೆಮ್ಮಣ್ಣುಗುಂಡಿಯ ಅದಿರು ಕರಗಿ ಕಬ್ಬಿಣವಾಗಿ ಹರಿದಂದಿನಿಂದ, ಬೆಳಕು ಶಾಖದ ಒಡಹುಟ್ಟೆಂಬುದು ಈ ಸೀಮೆಯ ಜನ ಕಣ್ಣಾರೆ ಕಂಡ ಸತ್ಯ. ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಬಹುವಾಗಿ ಮಿಗಿಲಾದ ತಾಪವೇ ಆ ಪ್ರಭೆಗೆ ಮೂಲ. ಹಾಗಿರುವಲ್ಲಿ, ಶಿವಮೊಗ್ಗದ ಮನೆಯೊಂದರ ಹುಟ್ಟುಹಬ್ಬದಲ್ಲಿ ಮಗುವಿನ ಮಣಿಕಟ್ಟನ್ನು ಬಳಸಿದ ಗ್ಲೋ ಸ್ಟಿಕ್, ಹಸುರು ಕಾಂತಿಯನ್ನು ಸೂಸುತ್ತಲೇ ಮುಟ್ಟಿದ ಕೈಗೆ ತಣ್ಣಗಿರುವುದು ಹೇಗೆ?

ಆ ಪ್ಲಾಸ್ಟಿಕ್ ನಳಿಕೆಯೊಳಗೆ ತೆಳುಗಾಜಿನದೊಂದು ಕಿರುಕುಪ್ಪಿಯುಂಟು. ಹೈಡ್ರೊಜನ್ ಪೆರಾಕ್ಸೈಡಿನ ದ್ರಾವಣವನ್ನೂ ಆಕ್ಸಲೇಟ್ ಎಸ್ಟರನ್ನೂ ಬೇರ್ಪಡಿಸಿರುವುದು ಆ ಗಾಜೊಂದೇ. ನಳಿಕೆಯನ್ನು ಬಾಗಿಸಿದಾಗ ಚಟಕ್ಕೆಂದು ಗಾಜೊಡೆದು, ಎರಡೂ ಬೆರೆತು, ಎರಡು ಇಂಗಾಲ ಮತ್ತು ನಾಲ್ಕು ಆಮ್ಲಜನಕ ಪರಮಾಣುಗಳ ಅತ್ಯಂತ ಅಸ್ಥಿರವಾದ ಸಂಯುಕ್ತವೊಂದು ಜನಿಸಿ, ಜನಿಸಿದೊಡನೆಯೇ ಇಂಗಾಲದ ಡೈಆಕ್ಸೈಡಾಗಿ ಒಡೆದುಹೋಗುತ್ತದೆ. ಆಗ ಬಿಡುಗಡೆಯಾದ ಶಕ್ತಿಯ ಒಂದಂಶ ಶಾಖವಾಗಿ ವ್ಯಯವಾಗದೆ ಅಲ್ಲಿಯೇ ಇರುವ ವರ್ಣದ್ರವ್ಯಕ್ಕೆ ನೇರವಾಗಿ ಸಂದು, ಅದರ ಎಲೆಕ್ಟ್ರಾನನ್ನು ಮೇಲಿನ ಸ್ತರಕ್ಕೇರಿಸುತ್ತದೆ; ಅದು ಮರಳಿ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ನಮ್ಮ ಕಣ್ಣಿಗೆ ಬೀಳುವ ಬೆಳಕು. ಹಸುರೋ ನೀಲಿಯೋ ಎಂಬುದನ್ನು ನಿರ್ಣಯಿಸುವುದು ಈ ವರ್ಣದ್ರವ್ಯ. 1960ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಡ್ವಿನ್ ಚಾಂಡ್ರಾಸ್ ಈ ಬಗೆಯ ಕ್ರಿಯೆಯನ್ನು ಕಂಡರು. ಮೈಕೆಲ್ ರೌಹಟ್ ಮತ್ತವರ ಸಂಗಡಿಗರು ಅದನ್ನು ಬಳಕೆಗೆ ಯೋಗ್ಯವಾಗಿಸಿದರು.

ನನಗೆ ಇದಕ್ಕಿಂತಲೂ ವಿಸ್ಮಯಕರವಾಗಿ ತೋರುವುದು ಮುಂಗಾರಿನ ಹೊಸ್ತಿಲಲ್ಲಿ ನಮ್ಮ ಮಲೆನಾಡಿನ ಅಡಕೆತೋಟಗಳಲ್ಲಿ ಮಿನುಗುವ ಮಿಣುಕುಹುಳು. ಅದರ ದೇಹದಲ್ಲಿರುವ ಲೂಸಿಫೆರಿನ್ ಎಂಬ ದ್ರವ್ಯವೂ ಆಮ್ಲಜನಕದೊಡನೆ ಕೂಡಿ, ಇಂಥದೇ ಅಸ್ಥಿರವಾದ ಸಂಯುಕ್ತವೊಂದನ್ನು ರಚಿಸಿ, ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಬೆಳಗುತ್ತದೆ. ಬೇರೊಂದು ವರ್ಣದ್ರವ್ಯದ ಹಂಗು ಅದಕ್ಕಿಲ್ಲ. ಮೇಲಾಗಿ ಹುಳು ತನ್ನ ಸಂಗಾತಿಯನ್ನು ಕರೆಯಲು ಬೆಳಕನ್ನು ಹೊತ್ತಿಸಿ ನಂದಿಸಬಲ್ಲುದು. ಗ್ಲೋ ಸ್ಟಿಕ್ಕಾದರೋ ಒಮ್ಮೆ ಹೊತ್ತಿತೆಂದರೆ ದ್ರವ್ಯ ತೀರುವವರೆಗೂ ಉರಿಯಲೇಬೇಕು.

ನಿಲ್ಲಿಸಲಾಗದಿದ್ದರೂ ನಿಧಾನಿಸಬಹುದು. ಇದನ್ನು ಮಕ್ಕಳಿಗೆ ಅಗತ್ಯವಾಗಿ ತೋರಿಸಿರಿ: ಏಕಕಾಲಕ್ಕೆ ಬಾಗಿಸಿದ ಎರಡು ಕಡ್ಡಿಗಳಲ್ಲಿ ಒಂದನ್ನು ಬೆಚ್ಚನೆಯ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯ ನೀರಿನಲ್ಲೂ ಇಟ್ಟು ದೀಪವಾರಿಸಿದರೆ, ಮೊದಲನೆಯದು ಪ್ರಖರವಾಗಿ ಬೆಳಗಿ ಬೇಗ ಕುಂದುತ್ತದೆ, ಎರಡನೆಯದು ಮಂಕಾಗಿ ಬಹುಕಾಲ ಬಾಳುತ್ತದೆ. ಆದರೆ ಕಡ್ಡಿಯನ್ನು ಕತ್ತರಿಸಲು ಮಾತ್ರ ಬಿಡಬೇಡಿ. ಒಳಗಿರುವುದು ಗಾಜಿನ ಚೂರು, ದ್ರವ ಸಿಡಿದರೆ ಕಣ್ಣು ಉರಿಯುತ್ತದೆ.